ಕ್ಯಾಥೊಲಿಕ್ಕರು ಕ್ರೈಸ್ತರಲ್ವಾ?

ಖಂಡಿತ ಕ್ರೈಸ್ತರೇ. "ನಾನು ಕ್ರಿಶ್ಚಿಯನ್, ಕ್ಯಾಥೊಲಿಕ್ ಅಲ್ಲ" ಅಂತ ಕೆಲವು ಪ್ರೊಟೆಸ್ಟೆಂಟರು (ಕ್ಯಾಥೊಲಿಕ್ ಚರ್ಚ್‌ನಿಂದ ಬೇರೆಯಾದ ಕ್ರೈಸ್ತ ಪಂಗಡಗಳವರು) ಹೇಳ್ತಾರಲ್ಲ, ಅದಕ್ಕೆ ಮುಖ್ಯ ಕಾರಣ ಪೋಪ್ ಅಧಿಕಾರ, ಮಾತೆ ಮರಿಯಳಿಗೆ ಪ್ರಾರ್ಥನೆ ಇವೆಲ್ಲ ಬೈಬಲ್‌ನಲ್ಲಿಲ್ಲ ಅನ್ನೋ ವಾದ. ಭಿನ್ನಾಭಿಪ್ರಾಯ ಇರೋದು ನಿಜ, ಆದ್ರೆ ತ್ರಿಯೇಕ ದೇವರು (ಪಿತ, ಸುತ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಅನ್ನೋದು), ಯೇಸುವಿನ ಪುನರುತ್ಥಾನ ಇಬ್ರೂ ನಂಬೋದೇ, ಕ್ಯಾಥೊಲಿಕ್ಕರು ಹೇಳೋ ನೈಸೀನ್ ವಿಶ್ವಾಸ ಪ್ರಮಾಣವನ್ನ (ಕ್ರೈಸ್ತ ನಂಬಿಕೆಗಳನ್ನ ಸಾರೋ ಹಳೇ ಘೋಷಣೆ) ಬೇರೆ ಪಂಗಡದ ಲೂಥರನ್ನರು, ಆಂಗ್ಲಿಕನ್ನರೂ ಹೇಳ್ತಾರೆ. ದೀಕ್ಷಾಸ್ನಾನವನ್ನೇ ತಗೊಳ್ಳಿ, ಪಿತ, ಸುತ, ಪವಿತ್ರಾತ್ಮರ ಹೆಸರಲ್ಲಿ ನೀರಿಂದ ಸರಿಯಾಗಿ ಆಗಿದ್ರೆ, ಕ್ಯಾಥೊಲಿಕ್ ಸಭೆಗೆ (ಚರ್ಚ್‌ಗೆ) ಸೇರೋ ಪ್ರೊಟೆಸ್ಟೆಂಟ್‌ಗೆ ಅದನ್ನ ಮತ್ತೆ ಮಾಡ್ಸಲ್ಲ, ಅಂದ್ರೆ ಅವರನ್ನ ಮೊದಲೇ ಕ್ರೈಸ್ತರು ಅಂತ ಒಪ್ಕೊಂಡ ಹಾಗೆ. ಹಾಗಂತ ತಪ್ಪು ಒಂದೇ ಕಡೆ ಇದೆ ಅಂತ ನಾನು ಹೇಳಲ್ಲ. 2000ದಲ್ಲಿ ಕ್ಯಾಥೊಲಿಕ್ ಸಭೆಯ ಕೇಂದ್ರವಾದ ವ್ಯಾಟಿಕನ್ನೇ ಪ್ರೊಟೆಸ್ಟೆಂಟ್ ಸಮುದಾಯಗಳು ಸರಿಯಾದ ಅರ್ಥದಲ್ಲಿ ಸಭೆಗಳಲ್ಲ ಅನ್ನೋ ಥರ ಬರೀತು, ಅದು ತುಂಬ ಜನಕ್ಕೆ ನೋವಾಯ್ತು.