ಸಂಪಾದಕರ ಉತ್ತರ: ಕೊಡಗಿಗೆ ಎಂಥ ಬಂಡವಾಳ ಬೇಕು?

ಸೋಮವಾರಪೇಟೆ ಕಡೆಯ ಯುವ ಓದುಗರೊಬ್ಬರ ಪತ್ರ: "ಕಾಫಿ, ಕರಿಮೆಣಸು, ಏಲಕ್ಕಿ, ಜೇನು, ಬೇಕಾದಷ್ಟು ನೀರು. ಕೊಡಗಿನಲ್ಲಿ ಏನಿಲ್ಲ ಹೇಳಿ? ಆದರೂ ದೊಡ್ಡ ಕಾರ್ಖಾನೆಗಳು ಇತ್ತ ಬರುವುದಿಲ್ಲ. ನನ್ನ ಜೊತೆ ಓದಿದವರೆಲ್ಲ ಬೆಂಗಳೂರು ಸೇರಿದರು. ಸರ್ಕಾರ ಜಾಗ ಕೊಟ್ಟು, ತೆರಿಗೆ ಬಿಟ್ಟು ಕಂಪನಿಗಳನ್ನು ಕರೆಯಲಿ ಎಂದು ನೀವಾದರೂ ಯಾಕೆ ಬರೆಯುವುದಿಲ್ಲ? ಆರು ಎಕರೆ ತೋಟ ನಂಬಿಕೊಂಡು ನಾನು ಎಷ್ಟು ದಿನ ಇಲ್ಲಿರಲಿ?"

ಪ್ರಿಯ ಮಿತ್ರರೇ,

ನಿಮ್ಮ ಕೊನೆಯ ಸಾಲು ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಇದೇ ಪ್ರಶ್ನೆ ಕೇಳಿ ನಮ್ಮ ಮನೆಯ ಮಕ್ಕಳೂ ಊರು ಬಿಟ್ಟಿದ್ದಾರೆ.

ಬಂಡವಾಳ ಬರುತ್ತಿಲ್ಲ ಅಂದಿರಿ. ಬರುತ್ತಿದೆ. ಮಡಿಕೇರಿ ಸುತ್ತ ಒಂದು ದಿನ ಓಡಾಡಿ ಬನ್ನಿ. ಗುಡ್ಡ ಸಮತಟ್ಟು ಮಾಡಿ ರೆಸಾರ್ಟ್ ಏಳುತ್ತಿದೆ. ಗದ್ದೆಗೆ ಮಣ್ಣು ತುಂಬಿ ಸೈಟ್ ಮಾಡುತ್ತಿದ್ದಾರೆ. ಆ ಹಣ ಬಂದಿರುವುದು ನಮ್ಮ ಜಾಗಕ್ಕೆ, ನಮ್ಮ ಬೆಳೆಗಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡಗಳು ಜಾರಿದ್ದನ್ನು ನೀವೂ ನೋಡಿದ್ದೀರಿ. ಮಳೆ ವಿಪರೀತ ಸುರಿದಿತ್ತು, ನಿಜ. ಆದರೆ ರಸ್ತೆಗೆ, ಕಟ್ಟಡಕ್ಕೆ ಅಂತ ಗುಡ್ಡದ ಬುಡ ಕಡಿದದ್ದೂ ಅದಕ್ಕೆ ಸೇರಿಕೊಂಡಿತ್ತು. ಅದಕ್ಕೇ, ಜಾಗ ಕೊಟ್ಟು ಕರೆಯಿರಿ ಅಂತ ಬರೆಯಲು ನನ್ನ ಕೈ ಏಳುವುದಿಲ್ಲ.

ದೊಡ್ಡ ಕಾರ್ಖಾನೆಗಳ ಮಾತಿಗೆ ಬರೋಣ. ಇನ್‌ಸ್ಟಂಟ್ ಕಾಫಿ ಕಾರ್ಖಾನೆಗಳು ಹುಣಸೂರಿನಲ್ಲಿವೆ, ನಂಜನಗೂಡಿನಲ್ಲಿವೆ. ನಮ್ಮ ಪೊಲ್ಲಿಬೆಟ್ಟದಲ್ಲೇ ಬೇರು ಬಿಟ್ಟು ಬೆಳೆದ ಟಾಟಾ ಕಾಫಿ ಕೂಡ ಇನ್‌ಸ್ಟಂಟ್ ಕಾರ್ಖಾನೆ ನಡೆಸಿದ್ದು ತೆಲಂಗಾಣದ ತೂಪ್ರಾನ್‌ನಲ್ಲಿ, ತಮಿಳುನಾಡಿನ ತೇಣಿಯಲ್ಲಿ. ಅಂಥ ಕಾರ್ಖಾನೆಗೆ ಸಮತಟ್ಟು ನೆಲ ಬೇಕು, ಮಳೆಗಾಲದಲ್ಲೂ ಕೈಕೊಡದ ಕರೆಂಟು ಬೇಕು, ಲಾರಿ ನಿಲ್ಲದ ರಸ್ತೆ ಬೇಕು. ನಮ್ಮ ಜಿಲ್ಲೆಯಲ್ಲಿ ರೈಲು ಹಳಿಯೇ ಇಲ್ಲ. ತೆರಿಗೆ ಬಿಟ್ಟ ಮಾತ್ರಕ್ಕೆ ಈ ಲೆಕ್ಕ ಬದಲಾಗುತ್ತದೆ ಅಂತ ನನಗೆ ಅನ್ನಿಸುವುದಿಲ್ಲ.

ಹಾಗಾದರೆ ಎಲ್ಲಿ ಹಣ ಹಾಕಬೇಕು? ಹೋದ ಮಾರ್ಚ್‌ನಲ್ಲಿ ಕಾಫಿ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಕೂತಿದ್ದೆ. ಮೂರು ಎಕರೆಯ ರೈತರೊಬ್ಬರು ಜೀಪಿನಲ್ಲಿ ರೋಬಸ್ಟಾ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ತಂದರು. ಹುಡುಗ ಚೀಲದಿಂದ ಒಂದಿಷ್ಟು ತೆಗೆದು ತೂಗಿದ, ಸಿಪ್ಪೆ ಬಿಡಿಸಿ ಬೀಜವನ್ನು ಮತ್ತೆ ತೂಗಿದ. "ಔಟ್‌ಟರ್ನ್ 26" ಅಂದ. ಅಂದರೆ 50 ಕೆ.ಜಿ. ಚೀಲಕ್ಕೆ 26 ಕೆ.ಜಿ. ಬೀಜ. ಚೀಲದ ರೇಟು ನಿಲ್ಲುವುದು ಇದರ ಮೇಲೆಯೇ. "28 ಬರಬೇಕಿತ್ತಲ್ಲಾ" ಅಂದರು ರೈತರು, ಮೆಲ್ಲಗೆ. ಅಷ್ಟೇ. ಕೊಯ್ಲಿನವರಿಗೆ ಅವತ್ತು ಸಂಜೆಯೇ ಕೂಲಿ ಕೊಡಬೇಕಿತ್ತು. ಹೇಳಿದ ಲೆಕ್ಕಕ್ಕೇ ಕಾಫಿ ಕೊಟ್ಟು ಹೋದರು. ಹೋಗುವಾಗ ಪಕ್ಕದ ಅಂಗಡಿಯಲ್ಲಿ ಕಾಲು ಕೆ.ಜಿ. ಕಾಫಿ ಪುಡಿ ಕಟ್ಟಿಸಿಕೊಂಡರು. ಚಿಕೋರಿ ಬೆರೆಸಿದ್ದು.

ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬೆಳೆಯುವ ಜಿಲ್ಲೆ ನಮ್ಮದು. ಬೆಳೆಯುವವರಲ್ಲಿ 25 ಎಕರೆಗಿಂತ ಕಡಿಮೆ ಇರುವವರೇ ಜಾಸ್ತಿ. ಅವರಿಗೆ ಬೇಕಾದದ್ದು ಮೊದಲು ಒಂದು ಗೋದಾಮು. ಅದರಲ್ಲಿಟ್ಟ ಚೀಲದ ರಸೀದಿ ಮೇಲೆ ಸಾಲ ಸಿಕ್ಕರೆ ಕೂಲಿಯೂ ತೀರುತ್ತದೆ, ಒಳ್ಳೆಯ ರೇಟಿಗೆ ಕಾಯಲೂ ಆಗುತ್ತದೆ. ಆಮೇಲೆ ಹೋಬಳಿಗೊಂದು ಹುರಿಯುವ ಘಟಕ, ಪ್ಯಾಕಿಂಗ್ ಯಂತ್ರ. ಇದಕ್ಕೆ ಗುಡ್ಡ ಕಡಿಯಬೇಕಿಲ್ಲ. ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿ ಕ್ಯೂರಿಂಗ್, ಅಂದರೆ ಒಣ ಕಾಫಿಯ ಸಿಪ್ಪೆ ಬಿಡಿಸಿ ಬೀಜ ವಿಂಗಡಿಸುವ ಕೆಲಸ, ನಡೆಯುತ್ತಲೇ ಇದೆ. ಅದರ ಮುಂದಿನ ಹೆಜ್ಜೆ ನಮ್ಮ ಕೈಗೆ ಬರಬೇಕು, ಅಲ್ವಾ? ಕೊಡಗಿನ ಅರೇಬಿಕಾಗೆ 2019ರಲ್ಲಿ ಜಿಐ, ಅಂದರೆ ಊರಿನ ಹೆಸರಿಗೆ ರಕ್ಷಣೆ ಕೊಡುವ ಭೌಗೋಳಿಕ ಸೂಚಕ ಮಾನ್ಯತೆ, ಸಿಕ್ಕಿತು. ಆದರೆ ಕಾಫಿ ಹೆಸರಿಲ್ಲದ ಚೀಲದಲ್ಲಿ ಊರು ಬಿಟ್ಟರೆ ಆ ಮಾನ್ಯತೆಯ ಬೆಲೆ ಬೆಳೆದವರಿಗೆ ಎಲ್ಲಿಂದ ಬಂದೀತು?

ಹಣ ಎಲ್ಲಿಂದ ಅಂತ ಕೇಳುತ್ತೀರಿ. ಸಣ್ಣ ಆಹಾರ ಘಟಕಗಳಿಗೆ ಅಂತಲೇ ಕೇಂದ್ರ 2020ರಲ್ಲಿ ತಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಬ್ಯಾಂಕ್ ಸಾಲದ ಜೊತೆ ಶೇ 35ರಷ್ಟು ಸಹಾಯಧನ ಇಟ್ಟಿದ್ದರು, ಹೆಚ್ಚೆಂದರೆ 10 ಲಕ್ಷ ರೂಪಾಯಿ. ಈಗಿನ ಷರತ್ತು ಏನೆಂದು ಕೃಷಿ ಇಲಾಖೆಯಲ್ಲಿ ವಿಚಾರಿಸಿ. ಒಬ್ಬರಿಗೆ ಭಾರ ಅನ್ನಿಸಿದರೆ ಅಕ್ಕಪಕ್ಕದ ಹತ್ತು ತೋಟದವರು ಸೇರಿ. ಹೊರಗಿನವರು ಹಣ ಹಾಕಲು ಬಂದರೂ ಬೇಡ ಅನ್ನಬೇಡಿ. ಯಂತ್ರಕ್ಕೆ ಹಾಕಲಿ, ತೋಟ ನಿಮ್ಮ ಹೆಸರಿನಲ್ಲೇ ಇರಲಿ.

ಒಂದು ಎಚ್ಚರ ಮಾತ್ರ ಇರಲಿ. ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಯಂತ್ರದ ಕೊಳೆ ನೀರನ್ನು ತೋಡಿಗೆ ಬಿಡುವ ಕೆಟ್ಟ ಚಾಳಿ ನಮ್ಮಲ್ಲೇ ಇದೆ. ಘಟಕ ಯಾರದೇ ಆಗಲಿ, ಆ ನೀರಿಗೆ ಹೊಂಡ ಮೊದಲು ತೋಡಿಸಬೇಕು. ಅದು ಹರಿದು ಸೇರುವುದು ಕಾವೇರಿಗೇ.

ಈ ಸಲದ ಕೊಯ್ಲಿನಲ್ಲಿ ಚೆನ್ನಾಗಿ ಹಣ್ಣಾದದ್ದನ್ನಷ್ಟೇ ಆರಿಸಿ, ಬೇರೆಯಾಗಿ ಕಣದಲ್ಲಿ ಒಣಗಿಸಿ, ಎರಡು ಕೆ.ಜಿ. ಬೀಜ ಮಾಡಿಡಿ. ಬೆಂಗಳೂರಿನ ಕಾಫಿ ಬೋರ್ಡಿನಲ್ಲಿ ರುಚಿ ಪರೀಕ್ಷೆ ಮಾಡುತ್ತಾರೆ. ಹುರಿಯುವುದು, ಪುಡಿ ಮಾಡುವುದು ಕಲಿಸಲು 'ಕಾಪಿ ಶಾಸ್ತ್ರ' ಅಂತ ತರಬೇತಿಯನ್ನೂ ಅವರು ನಡೆಸುತ್ತಾ ಬಂದಿದ್ದಾರೆ. ಹೋಗಿ ಬನ್ನಿ. ನಿಮ್ಮ ತೋಟದ ಕಾಫಿಗೆ ಅವರು ಏನು ಹೇಳಿದರು ಅಂತ ನನಗೊಂದು ಕಾಗದ ಹಾಕಿ. ಜೊತೆಗೆ ಒಂದು ಪೊಟ್ಟಣ ಪುಡಿಯನ್ನೂ ಕಳಿಸಿ. ದುಡ್ಡು ಕೊಟ್ಟೇ ತೆಗೆದುಕೊಳ್ಳುತ್ತೇನೆ.

– ಸಂಪಾದಕ