ಮೇಲಿನ ಬ್ರೇಕ್ ದೀಪ ಮಾತ್ರ ಉರಿಯದಿದ್ದರೆ

ಪ್ರಶ್ನೆ: ನನ್ನ ಹಳೆಯ ಹ್ಯಾಚ್‌ಬ್ಯಾಕ್ ಕಾರಿನಲ್ಲಿ ಬ್ರೇಕ್ ಒತ್ತಿದಾಗ ಕೆಳಗಿನ ಎರಡೂ ದೀಪಗಳು ಉರಿಯುತ್ತವೆ, ಹಿಂಬಾಗಿಲಿನ ಮೇಲ್ತುದಿಯದು ಮಾತ್ರ ಉರಿಯುವುದಿಲ್ಲ. ಬಲ್ಬ್ ಬದಲಿಸಿದರೂ ಪ್ರಯೋಜನವಾಗಲಿಲ್ಲ. ಇಡೀ ದೀಪವನ್ನೇ ಬದಲಿಸಬೇಕೆ?
– ಓದುಗರು, ಹಾಸನ

ಉತ್ತರ: ಈಗಲೇ ಹೊಸ ದೀಪವನ್ನು ಕೊಳ್ಳಬೇಡಿ. ಕೆಳಗಿನ ದೀಪಗಳು ಉರಿಯುತ್ತಿರುವುದರಿಂದ ಪೆಡಲಿನ ಬಳಿಯ ಸ್ವಿಚ್ಚು ಸರಿಯಾಗಿದೆ; ಬಹುತೇಕ ಕಾರುಗಳಲ್ಲಿ ಫ್ಯೂಸ್ ಕೂಡ ಮೂರಕ್ಕೂ ಒಂದೇ. ಇಂತಹ ಕಾರುಗಳಲ್ಲಿ ಸಾಮಾನ್ಯವಾಗಿ ಕೈಕೊಡುವುದು ಚಾವಣಿಯಿಂದ ಹಿಂಬಾಗಿಲಿಗೆ ರಬ್ಬರ್ ಕೊಳವೆಯೊಳಗೆ ಹಾದುಹೋಗುವ ತಂತಿ. ಬಾಗಿಲನ್ನು ತೆರೆದು ಮುಚ್ಚುವಾಗಲೆಲ್ಲ ಅದು ಒಂದೇ ಜಾಗದಲ್ಲಿ ಬಾಗುವುದರಿಂದ ಒಳಗಿನ ತಾಮ್ರದ ಎಳೆಗಳು ಕ್ರಮೇಣ ತುಂಡಾಗುತ್ತವೆ, ಆದರೆ ಹೊರಗಿನ ಹೊದಿಕೆ ಸರಿಯಾಗಿಯೇ ಕಾಣುವುದುಂಟು. ಬಾಗಿಲನ್ನು ಎತ್ತಿ ಇಳಿಸುವಾಗ ದೀಪ ಒಮ್ಮೆ ಮಿಣುಕಿದರೆ ಅನುಮಾನವೇ ಬೇಡ.

ಬಲ್ಬನ್ನು ಕಳಚಿ, ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿದಿರುವಾಗ ಹೋಲ್ಡರಿನಲ್ಲಿ ಸುಮಾರು 12 ವೋಲ್ಟ್ ಬರುತ್ತಿದೆಯೇ ಎಂದು ಮಲ್ಟಿಮೀಟರಿನಿಂದ ನೋಡಿ. ಬಾರದಿದ್ದರೆ ಮೀಟರಿನ ಕಪ್ಪು ಕಡ್ಡಿಯನ್ನು ಕಾರಿನ ಬಣ್ಣವಿಲ್ಲದ ಲೋಹಕ್ಕೆ ತಾಗಿಸಿ. ಆಗ ಬಂದರೆ ದೋಷ ಅರ್ತಿಂಗ್ ತಂತಿಯದು. ತುಂಡಾದ ತಂತಿಯನ್ನು ಹೊಸೆದು ಟೇಪ್ ಸುತ್ತುವ ನಮ್ಮ ಗ್ಯಾರೇಜುಗಳ ಅಭ್ಯಾಸ ಇಲ್ಲಿ ಬಾಳುವುದಿಲ್ಲ. ಬ್ಯಾಟರಿಯ ಸಂಪರ್ಕ ತಪ್ಪಿಸಿ, ಅದೇ ದಪ್ಪದ ಬಳುಕುವ ತಂತಿಯ ತುಂಡನ್ನು ಬೆಸುಗೆ ಹಾಕಿ, ಬೆಸುಗೆಗಳು ಬಾಗುವ ಭಾಗದಿಂದ ದೂರವಿರುವಂತೆ ನೋಡಿಕೊಂಡು, ಶಾಖಕ್ಕೆ ಕುಗ್ಗುವ ಸ್ಲೀವಿನಿಂದ ಮುಚ್ಚಿರಿ.