ಊಟ ಹಾಕುವವರು, ಓಡಿಸುವವರು

ಪ್ರಶ್ನೆ: ನಮ್ಮ ಬೀದಿಯಲ್ಲಿ ಎಂಟು ನಾಯಿಗಳಿವೆ. ಕೆಲವರು ದಿನಾ ಊಟ ಹಾಕುತ್ತಾರೆ, ಉಳಿದವರು ಹಿಡಿಸಿ ದೂರ ಬಿಟ್ಟು ಬರೋಣ ಅನ್ನುತ್ತಾರೆ. ಹೋದ ವಾರ ಸೈಕಲ್‌ನಲ್ಲಿ ಹೋಗುತ್ತಿದ್ದ ಹುಡುಗನನ್ನು ಅಟ್ಟಿಸಿಕೊಂಡು ಹೋದವು, ಬಿದ್ದು ಕಾಲು ತರಚಿತು. ಈಗ ಎರಡೂ ಕಡೆಯವರು ಮಾತು ಬಿಟ್ಟಿದ್ದಾರೆ. ಏನು ಮಾಡೋದು?

ಉತ್ತರ: ಮೊದಲು ಹುಡುಗನ ವಿಷಯ. ಅದು ಬಿದ್ದ ಗಾಯವಾ, ಹಲ್ಲು ತಾಗಿದ್ದಾ ಅಂತ ಸರಿಯಾಗಿ ನೋಡಿದಿರಾ? ಹಲ್ಲಿನ ಸಣ್ಣ ಗೀರಿದ್ದರೂ ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಲ್ಲಿ ತೊಳೆದು, ಅವತ್ತೇ ಡಾಕ್ಟರ ಹತ್ತಿರ ಹೋಗಬೇಕಿತ್ತು. ಹೋಗಿಲ್ಲ ಅಂದರೆ ಈಗಲೇ ಹೊರಡಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ತೀರಾ ಅಪರೂಪ, ಅದಕ್ಕೆ ಮುಂಚೆ ಸರಿಯಾಗಿ ಲಸಿಕೆ ಹಾಕಿಸಿಕೊಂಡರೆ ತಡೆಯಬಹುದು.

ದೂರ ಬಿಟ್ಟು ಬರುವ ಯೋಚನೆ ನನಗೂ ಒಂದು ಕಾಲಕ್ಕೆ ಸರಿ ಅನ್ನಿಸಿತ್ತು. ಆದರೆ ನಾಯಿ ಇರೋದು ತಿನ್ನೋಕೆ ಸಿಗುವ ಕಡೆ ಅಲ್ವಾ? ಕಸದ ರಾಶಿ ಅಲ್ಲೇ ಇದ್ದರೆ ಈ ಎಂಟು ಹೋದ ಜಾಗಕ್ಕೆ ಬೇರೆ ನಾಯಿಗಳು ಬರುತ್ತವೆ, ಅವಕ್ಕೆ ಲಸಿಕೆ ಆಗಿದೆಯೋ ಇಲ್ಲವೋ ಯಾರಿಗೂ ಗೊತ್ತಿರಲ್ಲ. ಒಂದು ಪ್ರದೇಶದ 100 ನಾಯಿಗಳಲ್ಲಿ 70ಕ್ಕಾದರೂ ಲಸಿಕೆ ಬಿದ್ದಿದ್ದರೆ ರೇಬೀಸ್ ಹರಡುವುದು ನಿಲ್ಲುತ್ತದೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಿಮ್ಮಲ್ಲಿರೋದೇ ಎಂಟು. ಎಂಟಕ್ಕೂ ಹಾಕಿಸಿಬಿಡಿ.

ಇದಕ್ಕೆ ಊಟ ಹಾಕುವವರೇ ಬೇಕು, ಸುಮ್ನೆ ಅವರನ್ನು ಬೈಯಬೇಡಿ. ನಾಯಿ ಕೈಗೆ ಸಿಗೋದು ಅವರಿಗೆ ಮಾತ್ರ. ಲಸಿಕೆಯ ಜೊತೆಗೆ ಸಂತಾನಹರಣದ ಆಪರೇಷನ್ನೂ ಆಗಲಿ, ಹೆಣ್ಣು ನಾಯಿಗಳಿಂದ ಶುರು ಮಾಡಿ. ಗಬ್ಬವಾದರೆ ಎರಡೇ ತಿಂಗಳಲ್ಲಿ ಮರಿ, ಆಮೇಲೆ ಆ ತಾಯಿ ಯಾರನ್ನೂ ಹತ್ತಿರ ಸೇರಿಸಲ್ಲ. ಆಪರೇಷನ್ ಆದ ನಾಯಿಯ ಕಿವಿ ತುದಿಯನ್ನು ಬಹಳ ಕಡೆ ಚೂರು ಕತ್ತರಿಸಿರುತ್ತಾರೆ, ದೂರದಿಂದಲೇ ಗುರುತು ಸಿಗುತ್ತದೆ. ಯಾವುದಕ್ಕೆ ಯಾವತ್ತು ಲಸಿಕೆ ಆಯ್ತು ಅಂತ ಒಂದು ಪುಸ್ತಕದಲ್ಲಿ ಬರೆದಿಡಿ, ಫೋಟೊ ಇದ್ದರೆ ಇನ್ನೂ ಒಳ್ಳೆಯದು.

ಊಟ ಹಾಕುವವರಿಗೂ ಒಂದು ಮಾತು ಹೇಳಲೇಬೇಕು. ಬೇರೆಯವರ ಬಾಗಿಲಲ್ಲಿ, ಮಕ್ಕಳು ಆಡುವ ಕಡೆ ಹಾಕಿ ಹೋಗೋದು ಪ್ರೀತಿಯಲ್ಲ, ಜಗಳಕ್ಕೆ ಕರೆ. ಜನ ಓಡಾಡದ ಒಂದು ಮೂಲೆ, ದಿನಾ ಅದೇ ಹೊತ್ತು, ಮಿಕ್ಕಿದ್ದನ್ನು ಎತ್ತಿ ಕಸಕ್ಕೆ. ಇಷ್ಟು ಮಾಡಿದರೆ ಅರ್ಧ ಜನರ ಸಿಟ್ಟು ಇಳಿಯುತ್ತದೆ.

ಮಕ್ಕಳಿಗೆ ಕೂತು ಹೇಳಿಕೊಡಿ: ತಿನ್ನುತ್ತಿರುವ, ಮಲಗಿರುವ, ಮರಿ ಇರುವ ನಾಯಿಯ ಹತ್ತಿರ ಹೋಗಬಾರದು. ಅಟ್ಟಿಸಿದರೆ ಓಡಬಾರದು, ಓಡಿದಷ್ಟೂ ಅದಕ್ಕೆ ಹುರುಪು ಜಾಸ್ತಿ. ಸೈಕಲ್‌ನಿಂದ ಇಳಿದು, ಸೈಕಲ್ಲನ್ನೇ ಅಡ್ಡ ಇಟ್ಟುಕೊಂಡು, ಅದರ ಕಣ್ಣನ್ನೇ ದಿಟ್ಟಿಸದೆ ಮೆಲ್ಲಗೆ ನಡೆಯಬೇಕು.

ಇನ್ನೊಂದು. ಎಂಟೂ ಅಟ್ಟಿಸಿದವು ಅನ್ನುತ್ತೀರಿ, ಆದರೆ ಶುರು ಮಾಡೋದು ಸಾಮಾನ್ಯವಾಗಿ ಒಂದೋ ಎರಡೋ, ಉಳಿದವು ಹಿಂದೆ ಓಡುತ್ತವೆ. ಶುರು ಮಾಡುವ ಆ ನಾಯಿಗೆ ಗಾಯವೋ ನೋವೋ ಇರಬಹುದು, ಪಶುವೈದ್ಯರಿಗೆ ತೋರಿಸಿ. ಯಾವ ನಾಯಿ ಅಂತ ಊಟ ಹಾಕುವವರಿಗೆ ಗೊತ್ತಿರುತ್ತದೆ. ಮಾತು ಬಿಟ್ಟಿದ್ದೀರಲ್ಲ, ಅದನ್ನು ಕೇಳುವ ನೆಪದಲ್ಲೇ ಹೋಗಿ.